ಮನೆಯ ಗಣಕಯಂತ್ರವು ಸ್ತಬ್ಧವಾದಾಗ

ಬೇಸಿಗೆಯು ಕಾಲಿಟ್ಟಿತೆಂದರೆ ಜನಕಪುರಿಯಲ್ಲಿ ವಾಸವಾಗಿರುವ ನಮ್ಮವರ ಮನೆಗಳಿಂದ ಎರಡು ಬಗೆಯ ದೂರುಗಳು ಕೇಳಿಬರತೊಡಗುತ್ತವೆ. ಒಂದು ಕೂಲರಿನದು, ಇನ್ನೊಂದು ಗಣಕಯಂತ್ರದ್ದು. ಕೂಲರಿನ ವಿಷಯವನ್ನು ಬಲ್ಲವರು ಗಲ್ಲಿಗೊಬ್ಬರಿದ್ದಾರೆ. ಅದನ್ನು ಅವರಿಗೇ ಬಿಟ್ಟು, ಎರಡನೆಯದನ್ನು ಕುರಿತು ನಾಲ್ಕು ಮಾತುಗಳನ್ನು ಈ ದಿನ ವಾಚಕರ ಮುಂದಿಡಲು ಬಯಸುತ್ತೇವೆ.

ಹೋಟೆಲಿನಲ್ಲಿ ದುಡಿಯುವವನ ಮನೆಯಲ್ಲಿ ಗಣಕಯಂತ್ರವೇತಕ್ಕೆ ಎಂದು ಕೇಳುವ ಕಾಲವು ಎಂದೋ ಕಳೆದುಹೋಯಿತು. 2020ರಲ್ಲಿ ಶಾಲೆಗಳು ಬಾಗಿಲು ಮುಚ್ಚಿದಾಗ, ಮಕ್ಕಳ ವಿದ್ಯಾಭ್ಯಾಸವು ಕೆಡಬಾರದೆಂದು ಸಾಲ ಮಾಡಿಯಾದರೂ ಹಳೆಯದೊಂದು ಯಂತ್ರವನ್ನು ಕೊಂಡುತಂದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಯಂತ್ರವೇ ಇಂದಿಗೂ ಕೋಣೆಯ ಮೂಲೆಯಲ್ಲಿ ಕುಳಿತು ಮನೆಯವರೆಲ್ಲರ ಚಾಕರಿಯನ್ನು ಮಾಡುತ್ತಿದೆ. ಮಗನ ಅಂಕಪಟ್ಟಿಯ ಪ್ರತಿ, ಊರಿನ ಜಮೀನಿನ ಪಹಣಿ, ಪ್ರಾವಿಡೆಂಟ್ ಫಂಡಿನ ಕಾಗದಪತ್ರ, ಗತಿಸಿದ ಹಿರಿಯರ ಛಾಯಾಚಿತ್ರ, ಸಣ್ಣದೊಂದು ಹೋಟೆಲು ಇದ್ದವರಿಗಾದರೆ ಪ್ರತಿ ತಿಂಗಳ 20ನೆಯ ತಾರೀಖಿನೊಳಗೆ ಒಪ್ಪಿಸಬೇಕಾದ ಜಿ.ಎಸ್.ಟಿ. ಲೆಕ್ಕ, ಇವೆಲ್ಲವೂ ಅದರ ಹೊಟ್ಟೆಯಲ್ಲಿವೆ. ಹೀಗಿರುವಾಗ ಒಂದು ಸಂಜೆ ಅದು ಇದ್ದಕ್ಕಿದ್ದಂತೆ ಕಲ್ಲಿನಂತೆ ನಿಂತುಬಿಟ್ಟರೆ ಗೃಹಸ್ಥನಿಗೆ ಎದೆ ಹಾರುವುದು ಸಹಜವೇ ಸರಿ.

ಆದರೆ ನಾವು ಕಂಡುಕೊಂಡಿರುವ ಸಂಗತಿಯೇನೆಂದರೆ, ಯಂತ್ರವು ತಾನಾಗಿ ನಿಂತದ್ದರಿಂದ ಆಗುವ ನಷ್ಟಕ್ಕಿಂತ, ಅದು ನಿಂತಾಗ ಗಾಬರಿಗೊಂಡು ನಾವು ಮಾಡುವ ಕೆಲಸಗಳಿಂದ ಆಗುವ ನಷ್ಟವೇ ಬಹುಪಾಲು ಹೆಚ್ಚಿನದು. ಗಾಬರಿಯಲ್ಲಿ ಒಬ್ಬನು ಪ್ಲಗ್ಗನ್ನು ಕಿತ್ತೊಗೆಯುತ್ತಾನೆ, ಇನ್ನೊಬ್ಬನು ಪರದೆಯ ಮೇಲೆ ಕಂಡ ಯಾವುದೋ ನಂಬರಿಗೆ ಫೋನು ಮಾಡುತ್ತಾನೆ, ಮತ್ತೊಬ್ಬನು ಅಂಗಡಿಯವನು “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಿದೊಡನೆ, ಆ ಶಬ್ದದ ಅರ್ಥವನ್ನು ತಿಳಿಯದೆಯೇ “ಮಾಡಿಬಿಡು ಭಾಯಿ” ಎಂದು ತಲೆಯಾಡಿಸುತ್ತಾನೆ.

ನಿಜವಾಗಿಯೂ ನಿಂತಿದೆಯೆ?

ಮೊದಲು ವಿಚಾರಿಸಬೇಕಾದದ್ದು ಇದು. ಪರದೆಯ ಮೇಲಿನ ಬಾಣವು ಅಲುಗದಿದ್ದ ಮಾತ್ರಕ್ಕೆ ಯಂತ್ರವು ಸತ್ತಿತೆಂದು ತಿಳಿಯಬಾರದು. ತಂತಿಯಿಲ್ಲದ ಮೌಸಿನೊಳಗಿನ ಸೆಲ್ಲು ಮುಗಿದು, ಯಂತ್ರವೇ ಕೆಟ್ಟಿತೆಂದು ಮನೆಮಂದಿಯೆಲ್ಲ ಪರಿತಪಿಸುವ ಪ್ರಸಂಗಗಳು ವಿರಳವಲ್ಲ. ಆದ್ದರಿಂದ ಕೀಲಿಮಣೆಯ ಮೇಲಿರುವ ನಮ್ ಲಾಕ್ ಅಥವಾ ಕ್ಯಾಪ್ಸ್ ಲಾಕ್ ಎಂಬ ಕೀಯನ್ನು ಒಮ್ಮೆ ಒತ್ತಿ ನೋಡತಕ್ಕದ್ದು. ಪ್ರತಿಯೊಂದು ಸಲ ಒತ್ತಿದಾಗಲೂ ಅದರ ಸಣ್ಣ ದೀಪವು ಹೊತ್ತಿ ಆರಿದರೆ ಯಂತ್ರಕ್ಕೆ ಪ್ರಾಣವಿದೆಯೆಂದೇ ಅರ್ಥ. ಒಳಗೆ ನಡೆಯುತ್ತಿರುವ ಯಾವುದೋ ಒಂದು ಕಾರ್ಯಕ್ರಮವು ಮಾತ್ರ ಸಿಕ್ಕಿಕೊಂಡಿದೆ. ದೀಪವು ಅಲುಗದಿದ್ದರೆ ಸಿಕ್ಕಿರುವುದು ಇಡೀ ಯಂತ್ರ. ವೈದ್ಯನು ಮೊದಲು ನಾಡಿ ಹಿಡಿದು ನೋಡುವಂತೆ ಇದು.

ಸಿಕ್ಕಿಕೊಳ್ಳುವುದೆಂದರೇನು ಎಂಬುದನ್ನು ನಮ್ಮ ಹೋಟೆಲು ಬಂಧುಗಳಿಗೆ ಅಡಿಗೆಮನೆಯ ಉದಾಹರಣೆಯಿಂದ ಹೇಳುವುದು ಸುಲಭ. ಗಣಕಯಂತ್ರದೊಳಗೆ ಒಬ್ಬ ಅಡಿಗೆಯವನಿದ್ದಾನೆ. ಅವನಿಗೆ ಪ್ರೊಸೆಸರ್ ಎಂದು ಹೆಸರು. ಅವನ ಕೈಗೆಟಕುವಂತೆ ಒಂದು ಕಟ್ಟೆಯಿದೆ. ಅದು ರ್‍ಯಾಮ್ ಎಂಬ ತಾತ್ಕಾಲಿಕ ಸ್ಮರಣೆ. ಹಿಂದೆ ಒಂದು ಉಗ್ರಾಣವಿದೆ. ಅದುವೇ ಹಾರ್ಡ್ ಡಿಸ್ಕು. ಆರ್ಡರು ಬಂದಾಗ ಬೇಕಾದ ಸಾಮಾನನ್ನು ಉಗ್ರಾಣದಿಂದ ತಂದು ಕಟ್ಟೆಯ ಮೇಲಿಟ್ಟುಕೊಂಡು ಅಡಿಗೆಯವನು ಕೆಲಸ ನಡೆಸುತ್ತಾನೆ. ಕಟ್ಟೆಯು ಚಿಕ್ಕದಾಗಿದ್ದು ಆರ್ಡರುಗಳು ನಲವತ್ತಾದರೆ ಏನಾಗುವುದು? ದೋಸೆಹಿಟ್ಟನ್ನು ಇಡಲು ಚಟ್ನಿಯನ್ನು ಉಗ್ರಾಣಕ್ಕೆ ಒಯ್ಯಬೇಕು, ಚಟ್ನಿ ಬೇಕಾದಾಗ ಹಿಟ್ಟನ್ನು ಒಳಗಿಟ್ಟು ಬರಬೇಕು. ಹೀಗೆ ಓಡಾಟದಲ್ಲಿಯೇ ಹೊತ್ತು ಹೋಗಿ, ಒಂದು ದೋಸೆಯೂ ಕಾವಲಿಯಿಂದ ಏಳುವುದಿಲ್ಲ. ಹೊರಗೆ ಕುಳಿತ ಗಿರಾಕಿಗೆ ಒಳಗೆ ಯಾರೂ ಇಲ್ಲವೆಂದೇ ತೋರುತ್ತದೆ. ನಾಲ್ಕು ಜಿ.ಬಿ. ಸ್ಮರಣೆಯ ಹಳೆಯ ಯಂತ್ರದಲ್ಲಿ ಕ್ರೋಮ್ ಬ್ರೌಸರಿನ ಇಪ್ಪತ್ತು ಪುಟಗಳನ್ನು ತೆರೆದು, ಜೊತೆಗೊಂದು ಚಲಚ್ಚಿತ್ರವನ್ನೂ ಹಾಕಿ ಕುಳಿತಾಗ ಆಗುವುದು ಇದೇ. ಇಂಥ ಸಮಯದಲ್ಲಿ ಹತ್ತು ನಿಮಿಷ ಕೈಕಟ್ಟಿ ಕುಳಿತರೆ ಅನೇಕ ಸಲ ಯಂತ್ರವು ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಅವಸರಪಟ್ಟು ಕೀಗಳನ್ನು ಬಡಿದರೆ, ಬಡಿದ ಪ್ರತಿಯೊಂದು ಪೆಟ್ಟೂ ಹೊಸ ಆರ್ಡರಾಗಿ ಸಾಲಿನಲ್ಲಿ ನಿಲ್ಲುತ್ತದೆ.

ಕಾದರೂ ಏಳದಿದ್ದ ಪಕ್ಷದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಗಳನ್ನು ಏಕಕಾಲಕ್ಕೆ ಒತ್ತಬೇಕು. ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿಯು ತೆರೆದುಕೊಳ್ಳುತ್ತದೆ. ಯಾರು ಎಷ್ಟು ಕೆಲಸವನ್ನು ಹಿಡಿದುಕೊಂಡು ಕುಳಿತಿದ್ದಾರೆಂಬ ಹಾಜರಿ ಪುಸ್ತಕವೇ ಅದು. “ನಾಟ್ ರೆಸ್ಪಾಂಡಿಂಗ್” ಎಂದು ಬರೆದಿರುವ ಕಾರ್ಯಕ್ರಮವನ್ನು ಆರಿಸಿ “ಎಂಡ್ ಟಾಸ್ಕ್” ಒತ್ತಿದರೆ ಅದೊಂದು ಮಾತ್ರ ಮುಚ್ಚಿಹೋಗಿ, ಉಳಿದವು ಬದುಕಿಕೊಳ್ಳುತ್ತವೆ. ಪರದೆಯು ಮಾತ್ರ ಕಪ್ಪಾಗಿ, ಅಥವಾ ಚಿತ್ರವು ಹೆಪ್ಪುಗಟ್ಟಿದಂತಾಗಿ, ಒಳಗಿನ ಸದ್ದು ಕೇಳುತ್ತಿದ್ದರೆ ವಿಂಡೋಸ್ ಚಿಹ್ನೆಯ ಕೀ, ಕಂಟ್ರೋಲ್, ಶಿಫ್ಟ್ ಇವುಗಳೊಡನೆ ಬಿ ಅಕ್ಷರವನ್ನು ಒತ್ತಿ ನೋಡಬಹುದು. ಚಿತ್ರವನ್ನು ಮೂಡಿಸುವ ಭಾಗವು ಹೊಸದಾಗಿ ಎದ್ದು ಕುಳಿತುಕೊಳ್ಳುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದದ್ದು ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ತ್ರಿಮೂರ್ತಿಗಳ ಕೂಟ. 1981ರಲ್ಲಿ ಹೊರಬಂದ ಐ.ಬಿ.ಎಂ. ಸಂಸ್ಥೆಯ ವೈಯಕ್ತಿಕ ಗಣಕಯಂತ್ರವನ್ನು ಕಟ್ಟಿದ ತಂಡದಲ್ಲಿದ್ದ ಡೇವಿಡ್ ಬ್ರಾಡ್ಲಿ ಎಂಬ ಇಂಜಿನಿಯರನು, ಯಂತ್ರವನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸುವ ತೊಂದರೆಯನ್ನು ತಪ್ಪಿಸಲೆಂದು ತನ್ನ ಸಹೋದ್ಯೋಗಿಗಳ ಬಳಕೆಗಾಗಿ ಇದನ್ನು ಏರ್ಪಡಿಸಿದನು. ಕೈತಪ್ಪಿ ಒತ್ತಿಹೋಗಬಾರದೆಂದೇ ಒಂದಕ್ಕೊಂದು ದೂರವಿರುವ ಕೀಗಳನ್ನು ಆಯ್ದನಂತೆ. ಸಹೋದ್ಯೋಗಿಗಳಿಗಾಗಿ ಮಾಡಿದ್ದು ಜಗತ್ತಿಗೆಲ್ಲ ಬೇಕಾಯಿತು! ಇಂದಿನ ಯಂತ್ರಗಳಲ್ಲಿ ಅದನ್ನು ಒತ್ತಿದರೆ ಯಂತ್ರವು ಕೂಡಲೇ ಆರುವುದಿಲ್ಲ. ಒಂದು ಪಟ್ಟಿಯು ಮಾತ್ರ ತೆರೆದುಕೊಳ್ಳುತ್ತದೆ. ಆದುದರಿಂದ ಅಂಜಬೇಕಾದ ಕಾರಣವಿಲ್ಲ.

ಯಾವುದಕ್ಕೂ ಬಗ್ಗದಿದ್ದಾಗ ಉಳಿಯುವುದು ಪವರ್ ಗುಂಡಿ. ಅದನ್ನು ಹತ್ತು ಸೆಕೆಂಡುಗಳವರೆಗೆ ಒತ್ತಿ ಹಿಡಿದರೆ ಯಂತ್ರವು ಆರುತ್ತದೆ. ಇದು ಕಡೆಯ ಉಪಾಯವೇ ಹೊರತು ಮೊದಲನೆಯದಾಗಬಾರದು. ಏಕೆಂದರೆ ಡಿಸ್ಕಿನಲ್ಲಿ ಯಾವ ಕಡತವು ಎಲ್ಲಿದೆಯೆಂಬ ಒಂದು ಖಾತೆಪುಸ್ತಕವಿರುತ್ತದೆ. ಆ ಪುಸ್ತಕದಲ್ಲಿ ಬರೆಯುತ್ತಿರುವಾಗಲೇ ಕೈಯಿಂದ ಲೇಖನಿಯನ್ನು ಕಿತ್ತುಕೊಂಡಂತೆ ವಿದ್ಯುತ್ತನ್ನು ತಪ್ಪಿಸಿದರೆ, ಸಾಮಾನು ಉಗ್ರಾಣದಲ್ಲಿದ್ದೂ ಲೆಕ್ಕಕ್ಕೆ ಸಿಗದಂತಾದೀತು. “ಅಪ್‌ಡೇಟ್ ನಡೆಯುತ್ತಿದೆ, ಆರಿಸಬೇಡಿ” ಎಂಬರ್ಥದ ಮಾತು ಪರದೆಯ ಮೇಲಿರುವಾಗಲಂತೂ ಈ ಗುಂಡಿಯ ಗೊಡವೆಗೆ ಹೋಗಬಾರದು. ಶೇಕಡಾ 30ರಲ್ಲಿಯೇ ನಿಂತಂತೆ ಕಂಡರೂ ಒಳಗೆ ಕೆಲಸ ಸಾಗುತ್ತಿರುತ್ತದೆ. ಹಳೆಯ ಯಂತ್ರಗಳಲ್ಲಿ ಒಂದೆರಡು ಗಂಟೆ ಹಿಡಿಯುವುದುಂಟು. ಅಷ್ಟು ಹೊತ್ತು ಒಂದು ಲೋಟ ಕಾಫಿ ಮಾಡಿಕೊಂಡು ಕುಡಿಯುವುದು ಲೇಸು.

ದಿಲ್ಲಿಯ ಧೂಳು, ದಿಲ್ಲಿಯ ಬಿಸಿಲು

ಮಂಗಳೂರಿನಲ್ಲಿಯೋ ಉಡುಪಿಯಲ್ಲಿಯೋ ಗಣಕಯಂತ್ರಕ್ಕೆ ಶತ್ರುವೆಂದರೆ ತೇವ. ಇಲ್ಲಿ ಹಾಗಲ್ಲ. ರಾಜಸ್ಥಾನದ ಕಡೆಯಿಂದ ಬೀಸುವ ಬಿರುಗಾಳಿಯು ಹೊತ್ತು ತರುವ ನುಣ್ಣನೆಯ ಮಣ್ಣು, ಕಿಟಕಿಯನ್ನು ಎಷ್ಟು ಭದ್ರವಾಗಿ ಮುಚ್ಚಿದರೂ, ಜನಕಪುರಿಯ ಡಿ.ಡಿ.ಎ. ಮನೆಗಳ ಒಳಕೋಣೆಯವರೆಗೆ ಬಂದು ಕೂಡುತ್ತದೆಂಬುದು ಪೊರಕೆ ಹಿಡಿಯುವ ಗೃಹಿಣಿಯರಿಗೆ ಗೊತ್ತಿದೆ. ಅದೇ ಮಣ್ಣು ಗಣಕಯಂತ್ರದೊಳಗಿನ ಪಂಖದ ರೆಕ್ಕೆಗಳಿಗೂ, ಶಾಖವನ್ನು ಹೊರಹಾಕುವ ಲೋಹದ ಹಲ್ಲುಗಳಿಗೂ ಅಂಟಿ, ವರ್ಷವೊಂದರಲ್ಲಿ ಹತ್ತಿಯ ಹಾಸಿಗೆಯಂತೆ ದಪ್ಪನಾಗಿ ಕುಳಿತಿರುತ್ತದೆ. ಹೊರಗಡೆ ಉಷ್ಣಮಾನವು 45 ಡಿಗ್ರಿಯನ್ನು ಮುಟ್ಟಿರುವ ಮಧ್ಯಾಹ್ನ, ಗಾಳಿಯಾಡದ ಪೆಟ್ಟಿಗೆಯೊಳಗೆ ಆ ಅಡಿಗೆಯವನ ಗತಿಯೇನೆಂಬುದನ್ನು ಎಣಿಸಿ ನೋಡಿ. ಉಷ್ಣವು ಸುಮಾರು 100 ಡಿಗ್ರಿಯನ್ನು ಸಮೀಪಿಸುತ್ತಲೇ ಪ್ರೊಸೆಸರು ತನ್ನನ್ನು ತಾನು ಕಾಪಾಡಿಕೊಳ್ಳುವ ಸಲುವಾಗಿ ವೇಗವನ್ನು ತಗ್ಗಿಸುತ್ತದೆ. ಆಗಲೂ ತಣಿಯದಿದ್ದರೆ ಯಂತ್ರವು ನಿಂತುಬಿಡುತ್ತದೆ, ಇಲ್ಲವೇ ತಾನಾಗಿ ಆರಿಹೋಗುತ್ತದೆ. ಬೆಳಿಗ್ಗೆ ಚೆನ್ನಾಗಿ ನಡೆದು ಮಧ್ಯಾಹ್ನ ನಿಲ್ಲುವ ಯಂತ್ರ, ಅರ್ಧ ಗಂಟೆ ಕೆಲಸ ಮಾಡಿ ಪಂಖದ ಆರ್ಭಟದೊಡನೆ ಮುಗ್ಗರಿಸುವ ಯಂತ್ರ, ಇವುಗಳ ರೋಗವು ಬಹುಮಟ್ಟಿಗೆ ಇದೇ ಎನ್ನಬಹುದು.

ಇದರ ಚಿಕಿತ್ಸೆಗೆ ಹಣ ಬೇಕಾಗಿಲ್ಲ, ತಾಳ್ಮೆ ಬೇಕು. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ತೆಗೆದು, ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನು ಬಿಚ್ಚಿ, ಬಣ್ಣ ಬಳಿಯುವ ಒಣಗಿದ ಮೆತ್ತನೆಯ ಕುಂಚದಿಂದ ಧೂಳನ್ನು ಹಗುರವಾಗಿ ಒರಸಿ ತೆಗೆಯಬೇಕು. ಒಳಗೆ ಕೈಯಿಡುವ ಮುನ್ನ ಪೆಟ್ಟಿಗೆಯ ಲೋಹದ ಮೈಯನ್ನೊಮ್ಮೆ ಮುಟ್ಟಬೇಕು. ನಮ್ಮ ಮೈಯಲ್ಲಿ ಸಂಚಯವಾಗಿರುವ ವಿದ್ಯುತ್ತು ಒಳಭಾಗಗಳಿಗೆ ತಗುಲದೆ ಅಲ್ಲಿಯೇ ಇಳಿದುಹೋಗುತ್ತದೆ. ಗಾಳಿ ಊದುವ ಯಂತ್ರವನ್ನು ಬಳಸುವವರು ಪಂಖವು ಗಿರ್ರನೆ ತಿರುಗದಂತೆ ಬೆರಳಿನಿಂದ ತಡೆದು ಹಿಡಿಯಬೇಕು. ಒದ್ದೆ ಬಟ್ಟೆಯನ್ನು ಮಾತ್ರ ಹತ್ತಿರ ಸುಳಿಯಗೊಡಕೂಡದು. ನಾಲ್ಕೈದು ವರ್ಷ ಹಳೆಯದಾದ ಯಂತ್ರವಾದರೆ ಪ್ರೊಸೆಸರಿಗೂ ಲೋಹದ ಹಲ್ಲುಗಳಿಗೂ ನಡುವೆ ಹಚ್ಚಿರುವ ಲೇಪವು ಒಣಗಿ ಹುಡಿಯಾಗಿರುವ ಸಂಭವವಿದೆ. ಅದನ್ನು ಬದಲಿಸುವ ಕೆಲಸವನ್ನು ಬಲ್ಲವನಿಗೆ ಒಪ್ಪಿಸುವುದೇ ವಾಸಿ. ಇನ್ನು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟುಕೊಂಡು ಸಿನಿಮಾ ನೋಡುವ ತರುಣರಿಗೆ ಒಂದು ಮಾತು: ಅದು ಉಸಿರಾಡುವುದು ಅಡಿಯಿಂದ. ಹಾಸಿಗೆಯು ಅದರ ಮೂಗನ್ನು ಮುಚ್ಚುತ್ತದೆ.

ವಿದ್ಯುತ್ತಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವ ಆ ಒಂದು ಕ್ಷಣದಲ್ಲಿ ಮೇಜಿನ ಮೇಲಿನ ಗಣಕಯಂತ್ರವು ಆರಿ ಹೊತ್ತಿಕೊಳ್ಳುವುದನ್ನು ಅನೇಕರು ನೋಡಿರಬಹುದು. ಅನೇಕ ಇನ್ವರ್ಟರುಗಳ ಹಿಂಬದಿಯಲ್ಲಿ ಯು.ಪಿ.ಎಸ್. ಎಂದು ಬರೆದ ಒಂದು ಸ್ವಿಚ್ಚು ಇರುತ್ತದೆ. ಅದನ್ನು ಆ ಕಡೆಗೆ ಹಾಕಿದರೆ ಬದಲಾವಣೆಯು ಶೀಘ್ರವಾಗಿ ನಡೆದು, ಯಂತ್ರಕ್ಕೆ ತಿಳಿಯದಂತೆಯೇ ಮುಗಿದುಹೋಗುತ್ತದೆ. ವರ್ಷಗಟ್ಟಲೆ ಇನ್ವರ್ಟರನ್ನು ಇಟ್ಟುಕೊಂಡವರಿಗೂ ಈ ಸ್ವಿಚ್ಚಿನ ಪರಿಚಯವಿಲ್ಲದಿರುವುದು ಆಶ್ಚರ್ಯ.

ಕೆಲವು ರೋಗಗಳ ಲಕ್ಷಣ

ಪ್ರತಿ ದಿನ ಯಂತ್ರವನ್ನು ಹೊತ್ತಿಸಿದಾಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದು, ಬ್ಯಾಂಕಿನ ಪುಟವನ್ನು ತೆರೆದರೆ “ಸುರಕ್ಷಿತವಲ್ಲ” ಎಂಬ ಎಚ್ಚರಿಕೆ ಬರುತ್ತಿದೆಯೆ? ವೈರಸ್ಸೆಂದು ಹೆದರಬೇಡಿ. ಮದರ್ ಬೋರ್ಡಿನ ಮೇಲೆ ಗುಂಡಗಿನ ನಾಣ್ಯದಂಥ ಒಂದು ಸೆಲ್ಲಿದೆ, ಸಿ.ಆರ್. 2032 ಎಂದು ಅದರ ಹೆಸರು, ಮೂರು ವೋಲ್ಟಿನದು. ಯಂತ್ರವು ಆರಿರುವಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಗಡಿಯಾರವು ತಪ್ಪಿದರೆ, ಬ್ಯಾಂಕಿನ ಪುಟವು ತೋರಿಸುವ ಪ್ರಮಾಣಪತ್ರದ ಅವಧಿಯು ಹೊಂದಾಣಿಕೆಯಾಗದೆ ಬ್ರೌಸರು ಬಾಗಿಲನ್ನು ತೆರೆಯಲೊಲ್ಲದು. ಕೈಗಡಿಯಾರದ ಅಂಗಡಿಯಲ್ಲಿಯೂ ಸಿಗುವ ಈ ಅಲ್ಪ ಬೆಲೆಯ ಸೆಲ್ಲನ್ನು ಹಾಕಿ ತಾರೀಖನ್ನು ಸರಿಪಡಿಸಿದರೆ ಕೆಲಸ ಮುಗಿಯಿತು.

ಯಂತ್ರವು ಹೊತ್ತಿಕೊಳ್ಳದೆ ಬರಿಯ ಬೀಪ್ ಬೀಪ್ ಎಂದು ಕೂಗುತ್ತಿದ್ದರೆ, ಸ್ಮರಣೆಯ ಪಟ್ಟಿಯು ತನ್ನ ಸೀಳಿನಲ್ಲಿ ಸಡಿಲವಾಗಿರುವ ಸಂಭವವುಂಟು. ಅದನ್ನು ತೆಗೆದು, ಬಂಗಾರದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲನೆ ಉಜ್ಜಿ ಮತ್ತೆ ಕೂರಿಸುವುದು ರಿಪೇರಿಯವರೆಲ್ಲರೂ ಬಲ್ಲ ಉಪಾಯ. ಸಿ ಡ್ರೈವು ಕಂಠಪೂರ್ತಿ ತುಂಬಿದ್ದರೂ ಯಂತ್ರವು ತೆವಳುತ್ತದೆ. ಶೇಕಡಾ ಹತ್ತು ಹದಿನೈದರಷ್ಟು ಜಾಗವನ್ನಾದರೂ ಬರಿದಾಗಿ ಬಿಡಬೇಕು. ವಿಂಡೋಸ್ ಸರಿಯಾಗಿ ನಡೆಯದಿದ್ದಲ್ಲಿ ಸೇಫ್ ಮೋಡ್ ಎಂಬ ಮಿತವಾದ ಸ್ಥಿತಿಯಲ್ಲಿ ಅದನ್ನು ಎಬ್ಬಿಸಲು ಬರುತ್ತದೆ: ಶಿಫ್ಟ್ ಕೀಯನ್ನು ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿದರೆ ಅದರ ದಾರಿಯು ಕಾಣಿಸುತ್ತದೆ. ಅಲ್ಲಿ ಯಂತ್ರವು ಸುಗಮವಾಗಿ ನಡೆದರೆ ದೋಷವಿರುವುದು ಹೊಸದಾಗಿ ಹಾಕಿದ ಯಾವುದೋ ಕಾರ್ಯಕ್ರಮದಲ್ಲಿ ಎಂದು ಊಹಿಸಬಹುದು.

ಆದರೆ ಡಿಸ್ಕಿನೊಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ, ಕಡತವೊಂದನ್ನು ತೆರೆಯುವುದಕ್ಕೆ ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ, ಅಲ್ಲಿ ನಿಲ್ಲಿ. ಅದು ರಿಪೇರಿಯ ಸಮಯವಲ್ಲ. ಹಳೆಯ ಮಾದರಿಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಓದುವ ಮುಳ್ಳು ಅವುಗಳನ್ನು ಮುಟ್ಟದೆ, ಕೂದಲೆಳೆಗಿಂತಲೂ ಎಷ್ಟೋ ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ. ಆ ಮುಳ್ಳು ತಡವರಿಸತೊಡಗಿದೆಯೆಂಬುದೇ ಟಿಕ್ ಟಿಕ್ ಸದ್ದಿನ ಅರ್ಥ. ಇಂಥ ಡಿಸ್ಕು ಇನ್ನೆಷ್ಟು ಗಂಟೆ ಬದುಕೀತೆಂದು ಹೇಳಬಲ್ಲವರಿಲ್ಲ. ಆ ಗಂಟೆಗಳನ್ನು ವೈರಸ್ಸು ಹುಡುಕುವುದರಲ್ಲಿ ಕಳೆಯದೆ, ಮೊದಲು ಮಗನ ಅಂಕಪಟ್ಟಿಯನ್ನೂ ಮನೆಯ ಕಾಗದಪತ್ರಗಳನ್ನೂ ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಸಿನಿಮಾಗಳ ಸರದಿ ಆಮೇಲೆ. ಡಿಸ್ಕನ್ನು ಮನೆಯಲ್ಲಿ ಬಿಚ್ಚಿ ನೋಡುವುದಾಗಲಿ, ಕೆಲವರು ಹೇಳುವಂತೆ ಫ್ರಿಜ್ಜಿನಲ್ಲಿಡುವುದಾಗಲಿ ಸಲ್ಲದು. ದಿಲ್ಲಿಯ ಒಂದು ಧೂಳಿನ ಕಣ ಅಥವಾ ಒಂದು ಹನಿ ನೀರು, ಅದರ ಕಥೆಯನ್ನು ಮುಗಿಸಲು ಸಾಕು.

ಪರದೆಯ ಮೇಲಿನ ಫೋನ್ ನಂಬರು

ಎಲ್ಲಕ್ಕಿಂತ ಕಠೋರವಾದ ಹಾನಿಯು ಯಂತ್ರದಿಂದಲ್ಲ, ಮನುಷ್ಯನಿಂದ ಬರುತ್ತದೆ. ಯಾವುದೋ ಪುಟವನ್ನು ನೋಡುತ್ತಿರುವಾಗ ಥಟ್ಟನೆ ಪರದೆಯು ಕೆಂಪಾಗಿಯೋ ನೀಲಿಯಾಗಿಯೋ ತುಂಬಿಕೊಂಡು, ಗಂಟೆ ಬಾರಿಸಿದಂತೆ ಸದ್ದಾಗಿ, “ನಿಮ್ಮ ಗಣಕಯಂತ್ರಕ್ಕೆ ಬೀಗ ಹಾಕಲಾಗಿದೆ, ಮೈಕ್ರೋಸಾಫ್ಟಿನ ಈ ನಂಬರಿಗೆ ಕೂಡಲೇ ಕರೆ ಮಾಡಿ” ಎಂಬ ಇಂಗ್ಲಿಷ್ ಒಕ್ಕಣೆ ಕಾಣಿಸಿಕೊಳ್ಳುತ್ತದೆ. ಬಾಣವು ಅಲುಗುವುದಿಲ್ಲ. ಮುಚ್ಚಲು ಹೋದರೆ ಮುಚ್ಚುವುದಿಲ್ಲ. ನೋಡಿದವನು ಯಂತ್ರವು ಸ್ತಬ್ಧವಾಯಿತೆಂದೇ ಭಾವಿಸುತ್ತಾನೆ. ವಾಸ್ತವವಾಗಿ ಅಲ್ಲಿ ಕೆಟ್ಟಿರುವುದೇನೂ ಇಲ್ಲ. ಬ್ರೌಸರಿನ ಒಂದು ಪುಟವು ಪರದೆಯನ್ನು ಪೂರ್ತಿ ಆವರಿಸಿಕೊಂಡು ವೇಷ ಹಾಕಿ ನಿಂತಿದೆ, ಅಷ್ಟೇ. ಎಸ್ಕೇಪ್ ಕೀಯನ್ನು ಕೆಲವು ಕ್ಷಣ ಹಿಡಿದರೆ ವೇಷ ಕಳಚುತ್ತದೆ. ಇಲ್ಲದಿದ್ದರೆ ಮೇಲೆ ಹೇಳಿದ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಬಹುದು.

ಆ ನಂಬರಿಗೆ ಕರೆ ಮಾಡಿದವನ ಪಾಡು ಬೇರೆ. ಅತ್ತ ಕಡೆಯವನು ಬಹು ಸೌಜನ್ಯದಿಂದ ಮಾತನಾಡಿ, ದೂರದಿಂದಲೇ ಯಂತ್ರವನ್ನು ನಡೆಸಲು ಅನುವಾಗುವ ಒಂದು ಕಾರ್ಯಕ್ರಮವನ್ನು ಹಾಕಿಸುತ್ತಾನೆ. ಬಳಿಕ ವಿಂಡೋಸಿನಲ್ಲಿ ಸದಾ ಇರುವ ಸಾಮಾನ್ಯ ದಾಖಲೆಗಳನ್ನೇ ತೆರೆದು ತೋರಿಸಿ, “ನೋಡಿ, ಎಷ್ಟೊಂದು ದೋಷಗಳು!” ಎಂದು ಹೆದರಿಸುತ್ತಾನೆ, ಕೊನೆಗೆ ಬ್ಯಾಂಕಿನ ಪುಟವನ್ನು ತೆರೆಯಿಸಿ, ತಿಂಗಳುಗಟ್ಟಲೆ ಒಲೆಯ ಮುಂದೆ ಬೆಂದು ಕೂಡಿಟ್ಟ ಹಣವನ್ನು ಗಳಿಗೆಯಲ್ಲಿ ಸಾಗಿಸುತ್ತಾನೆ. ಈ ವಿದ್ಯೆಯ ಒಂದು ದೊಡ್ಡ ಬೀಡು ಬೇರೆಲ್ಲಿಯೋ ಅಲ್ಲ, ನಮ್ಮ ನೆರೆಯಲ್ಲಿಯೇ ಇದ್ದದ್ದು ವಿಷಾದದ ಸಂಗತಿ. 2018ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ದೂರಿನ ಮೇಲೆ ನೋಯ್ಡಾ ಮತ್ತು ಗುರುಗ್ರಾಮದ ಪೋಲೀಸರು ಇಂಥ 16 ನಕಲಿ ಕಾಲ್ ಸೆಂಟರುಗಳ ಮೇಲೆ ದಾಳಿ ನಡೆಸಿದರು. ಅಮೆರಿಕದವರು ಅವುಗಳ ಮುಖ್ಯ ಬೇಟೆಯಾಗಿದ್ದರು. ಇಂಗ್ಲಿಷು ಚೆನ್ನಾಗಿ ಬರುವ ನಮ್ಮ ಹುಡುಗರಿಗೆ “ರಾತ್ರಿ ಪಾಳಿ, ಒಳ್ಳೆಯ ಸಂಬಳ, ಟೆಕ್ ಸಪೋರ್ಟ್” ಎಂಬ ಕರೆ ಬಂದಾಗ ಹಿರಿಯರು ಕಂಪನಿಯ ಪೂರ್ವಾಪರವನ್ನು ವಿಚಾರಿಸುವುದು ಆವಶ್ಯಕ. ದಾಳಿಯಾದಾಗ ಕುರ್ಚಿಯಲ್ಲಿ ಕೂತವನ ಕೈಗೂ ಕೋಳ ಬೀಳುತ್ತದೆ.

ಯಾವ ನಿಜವಾದ ಕಂಪನಿಯೂ ದೋಷದ ಎಚ್ಚರಿಕೆಯೊಡನೆ ಫೋನ್ ನಂಬರನ್ನು ಕೊಡುವುದಿಲ್ಲ. ಇದೊಂದನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ಹೇಳಿಟ್ಟರೆ ಸಾಕು. ಅಕಸ್ಮಾತ್ ಯಾರಾದರೂ ಸಿಕ್ಕಿಬಿದ್ದಲ್ಲಿ ಇಂಟರ್‌ನೆಟ್ ತಂತಿಯನ್ನು ಕೂಡಲೇ ತೆಗೆದು, ಬ್ಯಾಂಕಿಗೆ ತಿಳಿಸಿ, ಕೇಂದ್ರ ಸರಕಾರದ 1930 ಎಂಬ ನಂಬರಿಗೆ ಕರೆ ಮಾಡಬೇಕು. ಹಣವು ಕಳ್ಳನ ಖಾತೆಯಿಂದ ಮುಂದೆ ಸಾಗುವ ಮುನ್ನ ತಡೆಯಲು ಸಾಧ್ಯವಿರುವುದರಿಂದ ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ನಾಚಿಕೆಯಿಂದ ಮರುದಿನಕ್ಕೆ ಮುಂದೂಡಬಾರದು.

ನಿಜವಾದ ನೀಲಿ ಪರದೆಯೂ ಉಂಟು, ಅದಕ್ಕೆ ಫೋನ್ ನಂಬರಿರುವುದಿಲ್ಲ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳು ಏಕಕಾಲದಲ್ಲಿ ಅದನ್ನು ತೋರಿಸಿದವು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ದೋಷಯುಕ್ತವಾದ ಒಂದು ಅಪ್‌ಡೇಟೇ ಅದಕ್ಕೆ ಕಾರಣ. ಜನಕಪುರಿಗೆ ಸಮೀಪವೇ ಇರುವ ನಮ್ಮ ವಿಮಾನ ನಿಲ್ದಾಣದಲ್ಲಿಯೂ ಕೆಲಸಗಳು ಅಸ್ತವ್ಯಸ್ತವಾದವು. ದೇಶದ ಹಲವೆಡೆ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದು ಕೊಡಲಾಯಿತು. ಅದಕ್ಕೆ ಕಂಡ ಪರಿಹಾರವಾದರೂ ಏನು? ಯಂತ್ರವನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ ದೋಷವುಳ್ಳ ಒಂದು ಕಡತವನ್ನು ಅಳಿಸುವುದು! ದೊಡ್ಡ ದೊಡ್ಡ ಕಂಪನಿಗಳಿಗೂ ಮನೆಯ ಮದ್ದೇ ಗತಿಯಾಯಿತು. ಆ ದಿನ ಅನೇಕ ಕಚೇರಿಗಳಲ್ಲಿ ತಡವಾದುದು ಬಿಟ್‌ಲಾಕರ್ ಎಂಬ ಬೀಗದ 48 ಅಂಕಿಗಳ ಕೀಲಿಯು ಕೈಗೆ ಸಿಗದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಬೀಗವು ನಮಗರಿವಿಲ್ಲದೆಯೇ ಹಾಕಿರುವುದುಂಟು. ಅದರ ಕೀಲಿಯು ನಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರವು ಸುಸ್ಥಿತಿಯಲ್ಲಿರುವಾಗಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಜಾಣತನ.

ಹಳೆಯ ಯಂತ್ರವುಳ್ಳವರು ಇನ್ನೊಂದು ತಾರೀಖನ್ನು ನೆನಪಿಡಬೇಕು. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಯಂತ್ರವು ಅದರಿಂದ ನಿಲ್ಲುವುದಿಲ್ಲ. ಆದರೆ ಕಳ್ಳಕಿಂಡಿಗಳನ್ನು ಮುಚ್ಚುವವರು ಇಲ್ಲದಂತಾಗುತ್ತದೆ. ಅನೇಕ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಸೇರದು. ಅವುಗಳನ್ನು ಗುಜರಿಗೆ ಹಾಕುವ ಬದಲು ಲಿನಕ್ಸನ್ನು ಹಾಕಿಸಿಕೊಂಡರೆ, ಪತ್ರ ಬರೆಯುವುದಕ್ಕೂ ಮಕ್ಕಳ ಪಾಠಕ್ಕೂ ಇನ್ನೂ ಕೆಲವು ವರ್ಷ ಬಂದಾವು. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕನ್ನಡವೂ ಚೆನ್ನಾಗಿ ಮೂಡುತ್ತದೆ.

ಅಂಗಡಿಗೆ ಒಯ್ಯುವಾಗ

ಮನೆಯ ಮದ್ದು ನಾಟದಿದ್ದಾಗ ಅಂಗಡಿಯೇ ಗತಿ. ಪಶ್ಚಿಮ ಜನಕಪುರಿಯ ನಿಲ್ದಾಣದಿಂದ ಮೆಟ್ರೋದ ಮೆಜೆಂತಾ ಮಾರ್ಗದಲ್ಲಿ ನೇರವಾಗಿ ಕಾಲ್ಕಾಜಿ ಮಂದಿರಕ್ಕೆ ಹೋಗಿ, ಅಲ್ಲಿ ಬದಲಿಸಿ ಒಂದೇ ನಿಲ್ದಾಣ ದಾಟಿದರೆ ನೆಹರೂ ಪ್ಲೇಸ್. 2018ರಲ್ಲಿ ಈ ಮಾರ್ಗವು ತೆರೆದ ಮೇಲೆ ದೇಶದಲ್ಲಿಯೇ ಹೆಸರಾದ ಆ ಗಣಕಯಂತ್ರದ ಪೇಟೆಯು ನಮ್ಮವರಿಗೆ ಹತ್ತಿರವಾಗಿದೆ. ಮೆಟ್ಟಿಲ ಬಳಿಯಲ್ಲಿಯೇ ಕೈಹಿಡಿದು ಎಳೆಯುವವರಿಗೆ ಮರುಳಾಗದೆ, ಒಂದೆರಡು ಅಂಗಡಿಗಳಲ್ಲಿ ವಿಚಾರಿಸಿ, ಬದಲಿಸುವ ಭಾಗದ ಹಳೆಯದನ್ನು ಹಿಂದಿರುಗಿಸಬೇಕೆಂದು ಮೊದಲೇ ಹೇಳಿ, ರಸೀತಿಯನ್ನು ಪಡೆಯತಕ್ಕದ್ದು.

ಇಲ್ಲಿ ಕನ್ನಡಿಗರಿಗೇ ವಿಶೇಷವಾದ ಒಂದು ಅಪಾಯವಿದೆ. ಈ ಲೇಖನವನ್ನು ಬರೆಯಲು ಮುಖ್ಯ ಪ್ರೇರಣೆಯೂ ಅದೇ. ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಬರೆದಿಟ್ಟ ಪತ್ರಗಳು, ಹಬ್ಬದ ಸಮಾರಂಭಗಳ ಲೆಕ್ಕ, ಮದುವೆಯ ಕರೆಯೋಲೆ ಮೊದಲಾದವು ನುಡಿ ಅಥವಾ ಬರಹ ಎಂಬ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಬರಹವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದರು; ನುಡಿಯನ್ನು ಸಿದ್ಧಪಡಿಸಿದುದು ಕನ್ನಡ ಗಣಕ ಪರಿಷತ್ತು. ನುಡಿಯ ಕೀಲಿಮಣೆಗೆ ತಳಹದಿಯಾದ ಜೋಡಣೆಯನ್ನು ರೂಪಿಸಿದ ಕೆ. ಪಿ. ರಾವ್ ಅವರು ನಮ್ಮ ದಕ್ಷಿಣ ಕನ್ನಡದವರೇ ಎಂಬುದು ಆ ಕಡೆಯ ಹೋಟೆಲು ಬಂಧುಗಳಿಗೆ ಅಭಿಮಾನದ ವಿಷಯ. ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯು ಮನೆಮನೆಗೆ ಬರುವುದಕ್ಕೆ ಮುಂಚೆ, ಈ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಅಂದರೆ, ಕಡತದೊಳಗೆ ಇರುವುದು ವಾಸ್ತವವಾಗಿ ರೋಮನ್ ಸಂಕೇತಗಳು. ಆ ಅಕ್ಷರವಿನ್ಯಾಸವು ಯಂತ್ರದಲ್ಲಿದ್ದರೆ ಮಾತ್ರ ಅವು ಕನ್ನಡವಾಗಿ ಕಾಣಿಸುತ್ತವೆ.

ಅಂಗಡಿಯವನು ವಿಂಡೋಸನ್ನು ಹೊಸದಾಗಿ ಹಾಕಿದಾಗ ಆ ಅಕ್ಷರವಿನ್ಯಾಸವು ಹೋಗಿಬಿಡುತ್ತದೆ. ಕಡತವನ್ನು ತೆರೆದರೆ ಕಾಣುವುದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ, ಚುಕ್ಕಿಗೆರೆಗಳ ರಾಶಿ. ಕನ್ನಡವನ್ನೇ ಅರಿಯದ ಆತನು “ಫೈಲ್ ಕರಪ್ಟ್ ಹೋ ಗಯಾ, ಸಾಬ್” ಎಂದು ತೀರ್ಪು ಕೊಡುತ್ತಾನೆ. ಮಾಲಿಕನೂ ನಿಟ್ಟುಸಿರಿಟ್ಟು, ಅಳಿಸಿಹಾಕು ಎನ್ನುತ್ತಾನೆ. ಏನೂ ಕೆಡದೆ ಇದ್ದ ತಂದೆಯ ಪತ್ರಗಳು ಹೀಗೆ ಇಬ್ಬರ ಸಮ್ಮತಿಯಿಂದಲೇ ಬೂದಿಯಾಗುತ್ತವೆ. ವಾಚಕರು ದಯವಿಟ್ಟು ಗಮನಿಸಬೇಕು: ಅಂಥ ಕಡತವು ಹಾಳಾಗಿರುವುದಿಲ್ಲ. ಯಾವ ಅಕ್ಷರವಿನ್ಯಾಸದಲ್ಲಿ ಅದು ಬರೆಯಲ್ಪಟ್ಟಿತೋ ಅದನ್ನು ಮತ್ತೆ ಯಂತ್ರದಲ್ಲಿ ಹಾಕಿ, ಬರವಣಿಗೆಯನ್ನು ಆಯ್ದು ಅದೇ ವಿನ್ಯಾಸವನ್ನು ಕೊಟ್ಟರೆ, ಕನ್ನಡವು ಮೊದಲಿನಂತೆಯೇ ಮೈದೋರುತ್ತದೆ. ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಉಚಿತವಾಗಿ ದೊರೆಯುತ್ತವೆ. ಒಮ್ಮೆ ಬದಲಿಸಿಕೊಂಡರೆ ಫೋನಿನಲ್ಲಿಯೂ ಓದಲು ಬರುತ್ತದೆ, ಮುಂದೆ ಈ ಚಿಂತೆ ಇರುವುದಿಲ್ಲ.

ಆದಕಾರಣ ಯಂತ್ರವನ್ನು ಅಂಗಡಿಗೆ ಒಯ್ಯುವ ಮುನ್ನ, ಅದು ನಡೆಯುತ್ತಿರುವ ಸ್ಥಿತಿಯಲ್ಲಿದ್ದರೆ, ಕನ್ನಡ ಕಡತಗಳೊಂದಿಗೆ ವಿಂಡೋಸಿನ ಫಾಂಟ್ಸ್ ಎಂಬ ಕೋಶದಲ್ಲಿರುವ ನುಡಿ, ಬರಹದ ವಿನ್ಯಾಸಗಳನ್ನೂ ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಿ. ನಡೆಯದ ಯಂತ್ರವಾದರೆ ಡಿಸ್ಕನ್ನು ಹೊರತೆಗೆದು ಬೇರೊಂದು ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಮೊದಲು ತೆಗೆಸಬೇಕೆಂದು ಅಂಗಡಿಯವನಿಗೆ ಹೇಳಿ. ಅದು ಆತನಿಗೆ ಅರ್ಧ ಗಂಟೆಯ ಕೆಲಸ. ಹಿಂದಿ ಸರಾಗವಾಗಿ ಬಾರದವರು “ಡೇಟಾ ಮತ್ ಹಟಾನಾ, ಪಹಲೇ ಬ್ಯಾಕಪ್” ಎಂದು ಕಾಗದದ ಮೇಲೆ ಬರೆಯಿಸಿ ಯಂತ್ರದ ಬೆನ್ನಿಗೆ ಅಂಟಿಸಿದರೂ ಆಯಿತು. ಫಾರ್ಮ್ಯಾಟ್ ಎಂಬ ಶಬ್ದಕ್ಕೆ ಉಗ್ರಾಣವನ್ನು ಪೂರ್ತಿ ಬರಿದು ಮಾಡುವುದೆಂದು ಅರ್ಥ. ಯಾರು ಎಷ್ಟೇ ಅವಸರಪಡಿಸಿದರೂ ಕಡತಗಳ ನಕಲು ಕೈಗೆ ಬರುವ ತನಕ ಅದಕ್ಕೆ ಒಪ್ಪಿಗೆ ಕೊಡಬೇಡಿ. ಮತ್ತು ಯಂತ್ರವನ್ನು ಹಿಂದಕ್ಕೆ ಪಡೆಯುವಾಗ ಹಣವನ್ನು ಎಣಿಸಿ ಕೊಡುವ ಮೊದಲು, ಅಂಗಡಿಯ ಕೌಂಟರಿನಲ್ಲಿಯೇ ನಿಂತು, ಕನ್ನಡದಲ್ಲಿ ಬರೆದ ಒಂದು ಕಡತವನ್ನು ತೆರೆಯಿಸಿ ಓದಿ ನೋಡಿ.